ಗಂಗವ್ವ ಬಿಟ್ಟು ಹೋದ ಖಣ

ಇವತ್ತು ಬೆಳಿಗ್ಗೆ ಎದುರುಮನೆಯ ಬಾಗಿಲಿಗೆ ಬೇವಿನ ಟೊಂಗೆ ಕಟ್ಟಿದರು. ಮಗುವಿಗೆ ಅಮ್ಮ ಬಂದಿದ್ದಾಳಂತೆ. ಆ ಕಹಿ ವಾಸನೆ ಮೂಗಿಗೆ ಬಡಿದದ್ದೇ ತಡ, ನನ್ನ ಕೈ ತಾನಾಗಿ ಕೆನ್ನೆಗೆ ಹೋಯಿತು. ನನ್ನ ಮುಖ ನೀವು ನೋಡಿಲ್ಲ, ನಿಮ್ಮ ಪುಣ್ಯ. ಹಸಿ ಗೋಡೆಗೆ ಜೋಳದ ಕಾಳು ಒತ್ತಿ ತೆಗೆದ ಹಾಗಿದೆ. ಆದರೂ ಈ ಮುಖ ಉಳಿದದ್ದು ಗಂಗವ್ವನಿಂದ.

ಗಂಗವ್ವ ನನ್ನ ಗೆಳತಿ. ಇಬ್ಬರೂ ನರಗುಂದದ ಒಂದೇ ಓಣಿಯವರು. ಅವಳನ್ನು ಅಲ್ಲೇ ಕೊಟ್ಟರು, ನನ್ನನ್ನು ರೋಣಕ್ಕೆ. ಎರಡೂ ಕಡೆ ಅದೇ ಕರಿಮಣ್ಣು, ಅದೇ ಜೋಳ. ಆದರೆ ಅಲ್ಲಿ ಅರಸರ ಸಂಸ್ಥಾನ, ಇಲ್ಲಿ ಕಂಪನಿ ಸರಕಾರ. ನಮಗೆ ಅದೆಲ್ಲ ಗಂಡಸರು ಕಟ್ಟೆಯ ಮೇಲೆ ಕೂತು ಆಡುವ ಮಾತಾಗಿತ್ತು.

ನನಗೆ ಮೈಲಿಬೇನೆ ಎದ್ದಾಗ ಹತ್ತಿರ ಸುಳಿಯುವವರಿಲ್ಲ. ಗಂಗವ್ವನಿಗೆ ಸಣ್ಣವಳಿದ್ದಾಗಲೇ ಅದು ಬಂದು ಹೋಗಿತ್ತು. ಸುದ್ದಿ ಕೇಳಿ ಚಕ್ಕಡಿ ಹತ್ತಿ ಬಂದೇಬಿಟ್ಟಳು. ಬೇವಿನೆಲೆ ಹಾಸಿ ಮಲಗಿಸಿದಳು, ಬೇವಿನ ಟೊಂಗೆಯಿಂದಲೇ ಗಾಳಿ ಹಾಕಿದಳು. ತುರಿಸಿಕೊಳ್ಳಲು ಹೋದರೆ ಕೈ ಹಿಡಿದು ಬೈಯುತ್ತಿದ್ದಳು: “ಹುಚ್ಚಿ, ಮಾರಿ ತುಂಬ ಕಲಿ ಬೀಳತಾವ! ನಿನ್ನ ಗಂಡ ಇನ್ನೊಬ್ಬಾಕಿನ್ನ ತಂದಾನು, ಸುಮ್ನ ಬಿದ್ಕೊ.”

ಅಷ್ಟರಲ್ಲಿ ನರಗುಂದದಲ್ಲಿ ಬಂಡಾಯವೆದ್ದು, ಕಂಪನಿಯ ದಂಡು ಕೋಟೆ ಹಿಡಿಯಿತು. ಅರಸರ ಚಾಕರಿಯಲ್ಲಿದ್ದ ಗಂಗವ್ವನ ಅಣ್ಣ ತಪ್ಪಿಸಿಕೊಂಡು ತಂಗಿಯನ್ನು ಹುಡುಕಿ ನಮ್ಮ ಮನೆಗೆ ಬಂದ. ಅಮ್ಮ ಬಂದ ಮನೆಯ ಹೊಸ್ತಿಲನ್ನು ಯಾರು ದಾಟುತ್ತಾರೆ? ನನ್ನ ಕೋಣೆಯಲ್ಲೇ, ಕಣಜದ ಹಿಂದೆ ಅಡಗಿದ. ಮಾವ ದೇವರ ಭಂಡಾರ ಮುಟ್ಟಿ ಗಂಗವ್ವನಿಗೆ ಮಾತು ಕೊಟ್ಟರು: “ನನ್ನ ಬಾಯಿಂದ ಹೊರಗ ಬೀಳೂದಿಲ್ಲವ್ವ, ಅಂಜಬ್ಯಾಡ.”

ಬಿತ್ತು. ದಂಡಿನವರು ಓಣಿ ಓಣಿ ಹುಡುಕತೊಡಗಿದಾಗ ಮಾವ ತಾವೇ ಹೋಗಿ ಹೇಳಿಬಂದರು. ಕೆಟ್ಟವರಲ್ಲ, ಮನೆಗೆ ಬೆಂಕಿ ಇಟ್ಟಾರೆಂದು ಹೆದರಿದವರು. ದಂಡಿನವರು ಬಾಗಿಲ ಬೇವು ಸರಿಸಿ ಒಳನುಗ್ಗಿ ಗಂಗವ್ವನ ಅಣ್ಣನನ್ನು ಎಳೆದುಕೊಂಡು ಹೋದರು. ಅವನು ಮತ್ತೆ ಬರಲಿಲ್ಲ.

ಗಂಗವ್ವ ಅಂದೇ ಹೋಗಬಹುದಿತ್ತು. ಹೋಗಲಿಲ್ಲ. ಮಾವನಿಗೆ ಬೆನ್ನು ಮಾಡಿ ಕೂತು ಅವರ ಸೊಸೆಗೆ ಗಂಜಿ ಕುಡಿಸಿದಳು. ಬೈಗುಳ ಮಾತ್ರ ನಿಂತುಹೋಯಿತು. ನನ್ನ ಹಕ್ಕಳೆ ಉದುರಿ, ಬೇವು ಅರಿಸಿನದ ನೀರು ಎರೆದ ಮೇಲೆಯೇ ಗಂಟು ಕಟ್ಟಿದಳು. ಹೆಣ್ಣುಮಗಳನ್ನು ಬರಿ ಉಡಿಯಲ್ಲಿ ಕಳಿಸುವ ಪದ್ಧತಿ ನಮ್ಮಲ್ಲಿಲ್ಲ. ಅತ್ತೆ ಕುಪ್ಪಸದ ಖಣ, ಅಕ್ಕಿ, ಕೊಬ್ಬರಿ ಹಿಡಿದು ಉಡಿ ತುಂಬಲು ಬಂದರು.

“ಬ್ಯಾಡ್ರಿ,” ಎಂದಳು. “ಉಡಿ ತುಂಬಿಸ್ಕೊಂಡ್ರ ಇದು ನನಗ ತವರಾಗತೈತಿ. ಅಣ್ಣನ್ನ ಹಿಡಕೊಟ್ಟ ಮನಿ ತವರು ಹ್ಯಾಂಗಾದೀತ್ರಿ?”

ನನ್ನ ಕಡೆಗೂ ನೋಡದೆ ಹೋದಳು. ನರಗುಂದ ಬಿಟ್ಟು ಗಂಡನೊಡನೆ ಗಜೇಂದ್ರಗಡದಲ್ಲಿ ನೆಲೆಸಿದ್ದಾಳೆಂದು ಸಂತೆಗೆ ಹೋದವರು ಹೇಳಿದರು. ದೂರವೇನಲ್ಲ, ಆದರೆ ಯಾವ ಮುಖ ಹೊತ್ತು ಹೋಗಲಿ? ಅವಳಿಂದ ಒಮ್ಮೆ ಬೈಸಿಕೊಳ್ಳಬೇಕೆನಿಸಿ ಎಷ್ಟು ಸಲ ಅತ್ತಿದ್ದೇನೋ. ಆ ಖಣವನ್ನು ಪೆಟ್ಟಿಗೆಯಲ್ಲಿ ತೆಗೆದಿಟ್ಟೆ. ಕಂಪನಿ ಹೋಗಿ ರಾಣಿ ಬಂದಳಂತೆ. ಅತ್ತೆ ಹೋದರು, ಮಾವನೂ ಹೋದರು. ಖಣ ಅಲ್ಲೇ ಉಳಿಯಿತು.

ಇವತ್ತು ಇದನ್ನೆಲ್ಲ ನೆನೆಯುತ್ತ ಕೂತಿದ್ದಾಗ ಒಬ್ಬ ಹುಡುಗಿ ಬಂದು ಹೊಸ್ತಿಲಾಚೆ ನಿಂತಳು. ಪಕ್ಕದ ಜಕ್ಕಲಿಗೆ ಹೊಸದಾಗಿ ಮದುವೆ ಮಾಡಿಕೊಟ್ಟವಳು, ಗಂಗವ್ವನ ಮೊಮ್ಮಗಳು ತಾನೆಂದಳು. ತಂಬಿಗೆಯಲ್ಲಿ ನೀರು ಕೊಟ್ಟೆ. ಮುಟ್ಟಲಿಲ್ಲ.

“ಆ ಮನ್ಯಾಗ ನೀರು ಕುಡಿಬ್ಯಾಡ ಅಂದಾಳ್ರಿ ನಮ್ಮಜ್ಜಿ,” ಎಂದು ನಾಚಿದಳು. ಆಮೇಲೆ ಮೆಲ್ಲಗೆ, “ಆದ್ರ ಆಕಿ ಮಾರಿ ಮ್ಯಾಲಿನ ಕಲಿ ಹೋದವೇನು, ನೋಡ್ಕೊಂಡು ಬಾ ಅಂದಾಳ.”

ಅವಳ ಕೈಯನ್ನು ನನ್ನ ಕೆನ್ನೆಯ ಮೇಲೆ ಇಟ್ಟುಕೊಂಡೆ. “ಹೋಗಿಲ್ಲವ್ವ. ಆಕಿ ಕಣ್ಣು ತಪ್ಪಿಸಿ ತುರಿಸ್ಕೊಂಡಿದ್ದೆ ಅಂತ ಹೇಳು. ಬಂದು ಬೈದು ಹೋಗು ಅಂತ ಹೇಳು.”

ಒಳಗೆ ಹೋಗಿ ಆ ಹಳೆಯ ಖಣವನ್ನೂ ಅಕ್ಕಿ ಕೊಬ್ಬರಿಯನ್ನೂ ತಂದೆ. “ಇದು ನಿಮ್ಮಜ್ಜಿದು. ಬಿಟ್ಟು ಹೋಗ್ಯಾಳ.”

ಹುಡುಗಿ ತಂಬಿಗೆಯನ್ನೂ ಖಣವನ್ನೂ ನೋಡಿದಳು. ನೀರಿನ ಮಾತು ಅಜ್ಜಿ ಹೇಳಿದ್ದಳು, ಉಡಿಯ ಮಾತು ಹೇಳಿರಲಿಲ್ಲ. ಹೊಸ್ತಿಲಾಚೆಯೇ ನಿಂತು ಸೆರಗು ಒಡ್ಡಿದಳು.