ಎರಡು ಜ್ಯೇಷ್ಠ, ನಾಲ್ಕು ಕೊಬ್ಬರಿ

ಅಧಿಕ ಮಾಸದಲ್ಲಿ ಮದುವೆ ಇಲ್ಲ, ಗೃಹಪ್ರವೇಶ ಇಲ್ಲ, ಯಾರ ಮನೆಗೂ ಉಣ್ಣಲು ಹೋಗುವ ಹಾಗಿಲ್ಲ. ಅಡುಗೆಮನೆಯ ಗೂಡನ್ನಾದರೂ ಒರೆಸೋಣವೆಂದು ಮೊನ್ನೆ ಡಬ್ಬಗಳನ್ನೆಲ್ಲ ಕೆಳಗಿಳಿಸಿದೆ. ಗೂಡಿಗೆ ನಾನು ಹಾಸುವುದು ಹಳೆಯ ಕ್ಯಾಲೆಂಡರಿನ ಹಾಳೆ. ಪ್ಲಾಸ್ಟಿಕ್ ಶೀಟು ತರುತ್ತೇನೆಂದು ಸೊಸೆ ಅರಸೀಕೆರೆಗೆ ಹೋದಾಗಲೆಲ್ಲ ಹೇಳುತ್ತಾಳೆ. ತಂದಿಲ್ಲ, ನಾನೂ ಕೇಳಿಲ್ಲ. ಚಟ್ನಿಪುಡಿ ಡಬ್ಬದ ಕೆಳಗಿನ ಹಾಳೆ ಎಣ್ಣೆ ಕುಡಿದು ಗೂಡಿಗೆ ಅಂಟಿಕೊಂಡಿತ್ತು. ಚಾಕು ಹಾಕಿ ಎಬ್ಬಿಸಿದೆ. ಕೊಬ್ಬರಿ ಎಣ್ಣೆ, ಒಣಮೆಣಸಿನಕಾಯಿ, ಹಳೆ ಕಾಗದ ಮೂರೂ ಸೇರಿದ ವಾಸನೆ ಮೂಗಿಗೆ ಹೊಡೆದು ಜೋರಾಗಿ ಸೀನಿದೆ. ಸೀನಿದ ಮೇಲೆ ನಮ್ಮತ್ತೆ ನೆನಪಾದರು. ಸತ್ತವರನ್ನು ನೆನೆದು ಅಳುವ ಪೈಕಿಯವಳಲ್ಲ ನಾನು. ಕಣ್ಣಲ್ಲಿ ಬಂದ ನೀರು ಮೆಣಸಿನಕಾಯಿಯದು.

ಹಾರನಹಳ್ಳಿಯ ಈ ಮನೆಗೆ ನಾನು ಸೊಸೆಯಾಗಿ ಬಂದಾಗಲೂ ಗೋಡೆಯಲ್ಲಿ ಕ್ಯಾಲೆಂಡರ್ ಇತ್ತು, ಕೊಬ್ಬರಿ ಮಂಡಿಯವರು ಕೊಟ್ಟದ್ದು. ಅತ್ತೆ ಅದರಲ್ಲಿ ನೋಡುತ್ತಿದ್ದದ್ದು ಮೇಲಿನ ದೇವರ ಪಟ ಮಾತ್ರ. ಅವರಿಗೆ ಓದು ಬಾರದು. ತಿಥಿ ಅವರ ಕೈಯಲ್ಲೇ ಇತ್ತು. ಅಮಾವಾಸ್ಯೆಯಿಂದ ಹುಣ್ಣಿಮೆಯವರೆಗೆ ಬಲಗೈ, ಅದು ಶುದ್ಧ. ಹುಣ್ಣಿಮೆಯಿಂದ ಅಮಾವಾಸ್ಯೆಯವರೆಗೆ ಎಡಗೈ, ಅದು ಬಹುಳ. ಬೆರಳಿಗೆ ಮೂರು ಗೆಣ್ಣು, ಐದು ಬೆರಳಿಗೆ ಹದಿನೈದು ದಿನ. ಕಿರುಬೆರಳಿನ ಬುಡದಲ್ಲಿ ಪಾಡ್ಯ, ನಡುವೆ ಬಿದಿಗೆ, ತುದಿಯಲ್ಲಿ ತದಿಗೆ. ಹೀಗೇ ಒಂದೊಂದು ಬೆರಳು ಹತ್ತಿ ಇಳಿದು ಹೋದರೆ ಹೆಬ್ಬೆರಳಿನ ತುದಿಗೆ ಹುಣ್ಣಿಮೆ. ಹೊಸತರಲ್ಲಿ ನಾನು, "ಹೆಬ್ಬೆರಳಿಗೆ ಎರಡೇ ಗೆಣ್ಣಲ್ವಾ ಅತ್ತೆ?" ಎಂದು ಕೇಳಿದ್ದೆ.

"ಬುಡ ಸೇರ್ಸ್ಕಳೇ. ದೇವ್ರು ಕೊಟ್ಟಿದ್ದನ್ನ ಬಿಟ್ಟು ಎಣಿಸ್ತಾಳೆ ನೋಡು, ಓದಿದೋಳು."

ಬಿದಿರು ಕಡಿಯುವುದು ಎಡಗೈಯಲ್ಲಿ, ಹುಳ ಹಿಡಿಯುವುದಿಲ್ಲವೆಂದು. ಬಿತ್ತನೆಗೆ ಕಾಳು ಹಸನು ಮಾಡುವುದು ಬಲಗೈಯಲ್ಲಿ. ಅಮಾವಾಸ್ಯೆ ಎಡಗೈ ಹೆಬ್ಬೆರಳು, ಆ ದಿನ ಎತ್ತಿನ ಹೆಗಲಿಗೆ ನೊಗ ಇಲ್ಲ. ಹಸು ಯಾವತ್ತು ಬೆದೆಗೆ ಬಂದಿತ್ತು, ಸೊಸೆ ಯಾವತ್ತು ಹೊರಗಾದಳು, ಎರಡೂ ಅದೇ ಕೈಯಲ್ಲಿ. ಮೂರು ದಿನ ಹಟ್ಟಿಯ ಕಡೆ ಜಗುಲಿಯಲ್ಲಿ ಕೂರಬೇಕಿದ್ದ ಕಾಲವದು. ಗುಟ್ಟು ಎಲ್ಲಿಂದ ಬರಬೇಕು? ನನಗೆ ಮೈ ಉರಿಯುತ್ತಿತ್ತು. ಬೇಲೂರಿನಲ್ಲಿ ನಾಲ್ಕನೇ ತರಗತಿ ಓದಿ ಬಂದವಳು ನಾನು, ಕ್ಯಾಲೆಂಡರ್ ಓದಬಲ್ಲೆ. ಈ ಬೆರಳೆಣಿಕೆ ನನಗ್ಯಾಕೆ ಎಂಬ ಗತ್ತು. ಈಗ ನೋಡಿದರೆ ನಾನೂ ಬೆರಳಲ್ಲೇ ಎಣಿಸುವುದು. ಕನ್ನಡಕ ಹುಡುಕುವುದರೊಳಗೆ ತಿಥಿ ಸಿಕ್ಕಿರುತ್ತದೆ. ವಾತ ಹಿಡಿದು ಬಲಗೈಯ ಪಂಚಮಿ, ಷಷ್ಠಿ ಮಾತ್ರ ಬಾಗುವುದಿಲ್ಲ.

ನನ್ನ ಮೊದಲ ಬಸಿರು ನಿಂತ ವರ್ಷವೂ ಈ ವರ್ಷದ ಹಾಗೆ ಅಧಿಕ ಜ್ಯೇಷ್ಠ ಬಂದಿತ್ತು. ಅಧಿಕ ಎಂದರೇನೆಂದು ಮೊಮ್ಮಗಳು ಕೇಳಿದರೆ ನಾನು ಹೇಳುವುದಿಷ್ಟು: ಚಂದ್ರನ ವರ್ಷ ಸೂರ್ಯನ ವರ್ಷಕ್ಕಿಂತ ಗಿಡ್ಡ. ಗಿಡ್ಡವಾದ ಲಂಗಕ್ಕೆ ಅಂಚು ಸೇರಿಸಿದ ಹಾಗೆ ಎರಡೂವರೆ ಮೂರು ವರ್ಷಕ್ಕೊಂದು ತಿಂಗಳು ಸೇರಿಸುತ್ತಾರೆ. ಅದೇ ಹೆಸರಿನ ತಿಂಗಳು ಎರಡು ಸಲ ಬರುತ್ತದೆ. ಮೊದಲನೆಯದು ಅಧಿಕ, ಅದರಲ್ಲಿ ಹಬ್ಬ ಇಲ್ಲ. ಎರಡನೆಯದು ನಿಜ, ಹಬ್ಬಗಳೆಲ್ಲ ಅದರಲ್ಲಿ. ಜ್ಯೇಷ್ಠದ ಹಬ್ಬವೆಂದರೆ ನಮ್ಮಂಥ ಒಕ್ಕಲು ಮನೆಗೆ ಕಾರ ಹುಣ್ಣಿಮೆ. ಎತ್ತಿನ ಮೈ ತೊಳೆದು ಕೊಂಬಿಗೆ ಬಣ್ಣ ಬಳಿಯುವ ದಿನ. ಆ ವರ್ಷ ನಾನೇ ಬಣ್ಣ ಕಲೆಸಿಕೊಟ್ಟಿದ್ದೆ. ಅದಾದ ಮೂರನೆಯ ದಿನ ಜಗುಲಿಗೆ ಬಂದೆ. ಎದುರಿಗೆ ಕೆಂಪು ಕೊಂಬಿನ ಎರಡು ಎತ್ತು ಕಟ್ಟಿದ್ದವು. ಆಮೇಲೆ ಜಗುಲಿಯಲ್ಲಿ ಕೂರುವ ಕೆಲಸ ಬರಲಿಲ್ಲ.

ಗೌರಿ ಹಬ್ಬಕ್ಕೆ ಬೇಲೂರಿನ ತವರಿಗೆ ಹೋದಾಗ ಅಮ್ಮ ಆಸ್ಪತ್ರೆಗೆ ಕರೆದುಕೊಂಡು ಹೋದಳು. ಬಸುರಿಯರ ಕಾರ್ಡ್ ಬರೆಯುತ್ತಿದ್ದವರು ಒಬ್ಬ ನರ್ಸಮ್ಮ, ಮಂಗಳೂರು ಕಡೆಯವರು. ಕೊನೆಯ ಸಲ ಹೊರಗಾದ ತಾರೀಕು ಯಾವುದೆಂದು ಕೇಳುತ್ತಿದ್ದರು. ತಾರೀಕು ಯಾರಿಗೆ ಗೊತ್ತು? ನನ್ನ ಮುಂದಿದ್ದವಳು, "ನಾಗರ ಪಂಚಮಿ ಎಂಟು ದಿನ ಐತೆ ಅನ್ನುವಾಗ" ಎಂದಳು. ಅದಕ್ಕೂ ಮುಂದಿನವಳು, "ನಮ್ಮ ಎಮ್ಮೆ ಕರು ಹಾಕ್ತಲ್ಲ, ಆ ಅಮಾಸೆ" ಎಂದಳು. ನರ್ಸಮ್ಮ ನಗುತ್ತಾ ಗೋಡೆಯ ಕ್ಯಾಲೆಂಡರ್ ಹಾಳೆ ಹಿಂದಕ್ಕೆ ಮಗುಚಿ ತಾರೀಕು ಹುಡುಕಿ ಬರೆಯುತ್ತಿದ್ದರು. ದಿನಕ್ಕೆ ಇಪ್ಪತ್ತು ಸಲ ಆ ಹಾಳೆ ಮಗುಚಿ ಅಂಚೆಲ್ಲ ಹರಿದಿತ್ತು.

ನನ್ನ ಸರದಿ ಬಂತು. ಕಾರ ಹುಣ್ಣಿಮೆಯಾಗಿ ಮೂರನೇ ದಿನ ಎಂದಿದ್ದರೆ ಮುಗಿಯುತ್ತಿತ್ತು. ಹಳ್ಳಿಯವಳ ಹಾಗೆ ಹೇಳಬಾರದೆಂದು ಪುಸ್ತಕ ಓದಿದ ಹಾಗೆ, "ಜ್ಯೇಷ್ಠ ಬಹುಳ ತದಿಗೆ" ಎಂದೆ.

ನರ್ಸಮ್ಮ ತಲೆ ಎತ್ತಿ ನೋಡಿದರು. "ಓ, ಓದಿದವರಾ?"

"ಹೂಂ" ಎಂದೆ.

ಜ್ಯೇಷ್ಠ ಎಂದರೆ ಜೂನ್ ಎಂದು ಅವರು ನೇರ ಜೂನ್ ಹಾಳೆಗೆ ಮಗುಚಿದರು. ಅಲ್ಲಿ ಕಂಡ ಜ್ಯೇಷ್ಠ ಬಹುಳ ತದಿಗೆಯ ತಾರೀಕನ್ನು ಕಾರ್ಡಿಗೆ ಇಳಿಸಿದರು. ಅದು ಅಧಿಕದ್ದು. ನನ್ನದು ನಿಜದ್ದು. ನಡುವೆ ಒಂದು ತಿಂಗಳು. ನನಗೆ ಅದು ಹೊಳೆಯಲಿಲ್ಲ. ನಾನು "ಓದಿದವರಾ" ಎಂಬುದನ್ನೇ ಮೆಲುಕು ಹಾಕುತ್ತಾ ಮನೆಗೆ ಬಂದೆ.

ಕಾರ್ಡಿನ ಪ್ರಕಾರ ಶಿವರಾತ್ರಿ ಕಳೆದ ಕೂಡಲೇ ಹೆರಿಗೆಯಾಗಬೇಕಿತ್ತು. ಶಿವರಾತ್ರಿ ಕಳೆದು ಹನ್ನೆರಡು ದಿನವಾದರೂ ನೋವಿನ ಸುಳಿವಿಲ್ಲ. ಡಾಕ್ಟರಮ್ಮ ಹೊಟ್ಟೆ ಮುಟ್ಟಿ ನೋಡಿ, ಕಾರ್ಡ್ ನೋಡಿ ಮುಖ ಗಂಟಿಕ್ಕಿದರು. "ದಿನ ದಾಟಿದೆ. ಮಗು ಬೆಳೆದೇ ಇಲ್ಲ, ಸಣ್ಣಕ್ಕಿದೆ. ಇನ್ನು ಒಳಗೆ ಬಿಟ್ರೆ ಉಳಿಯಲ್ಲ. ನಾಡಿದ್ದು ಆಪರೇಷನ್ ಮಾಡೋಣ" ಎಂದು ಅಲ್ಲೇ ಮಲಗಿಸಿದರು. ಅವರ ಮಾತಿನಲ್ಲಿ ತಪ್ಪಿರಲಿಲ್ಲ. ಕಾರ್ಡ್ ನಿಜವಾಗಿದ್ದರೆ ಮಗುವಿಗೆ ಏನೋ ಆಗಿತ್ತು ಎಂದೇ ಅರ್ಥ. ಅಪ್ಪ ಅರಸೀಕೆರೆ ಬಸ್ಸಿನ ಕಂಡಕ್ಟರ್ ಕೈಯಲ್ಲಿ ಅತ್ತೆಗೆ ಸುದ್ದಿ ಕಳಿಸಿದರು.

ಮಾರನೆಯ ದಿನ ಮಧ್ಯಾಹ್ನ ಅತ್ತೆ ಬಂದರು. ಹಾರನಹಳ್ಳಿಯಿಂದ ಅರಸೀಕೆರೆ, ಅಲ್ಲಿಂದ ಹಳೇಬೀಡಿನ ಮೇಲೆ ಬೇಲೂರು, ಎರಡು ಬಸ್ಸು. ತಲೆಯ ಮೇಲೆ ಉಂಡೆ ಕೊಬ್ಬರಿಯ ಚೀಲ. ಚೀಲಕ್ಕೆ ಕೈ ಆಸರೆ ಇಲ್ಲ. ಎಡಗೈಯ ಕಿರುಬೆರಳಿನ ತುದಿಯನ್ನು ಬಲಮುಷ್ಟಿಯಲ್ಲಿ ಬಿಗಿಯಾಗಿ ಹಿಡಿದುಕೊಂಡಿದ್ದರು. ಚೀಲ ಇಳಿಸಿದ ನನ್ನಮ್ಮ, "ಅಬ್ಬಾ, ಏನು ಭಾರ! ಬೆರಳಿಗೆ ಏನಾಯ್ತು ಬೀಗಿತ್ತಿ?" ಎಂದಳು.

"ಏನೂ ಆಗಿಲ್ಲ ಕಣವ್ವ. ಬಸ್ಸಾಗೆ ಜನ ಮಾತಾಡ್ಸಿ ತಪ್ಪಿಸ್ತಾರೆ ಅಂತ ಹಿಡ್ಕಂಡಿದೀನಿ. ಡಾಕ್ಟ್ರವ್ವ ಎಲ್ಲವ್ರೆ?"

ಡಾಕ್ಟರಮ್ಮ ಬಂದರು. ಅತ್ತೆ ಕಿರುಬೆರಳನ್ನು ಅವರ ಮುಖದ ಮುಂದೆ ಹಿಡಿದರು. "ದಿನ ತುಂಬಿಲ್ಲ ತಾಯಿ. ನೀವು ಯಾವ ಜ್ಯೇಷ್ಠ ಬರ್ದೀರಿ? ಈ ಸಲ ಎಲ್ಡು ಜ್ಯೇಷ್ಠ ಬಂದಿತ್ತು."

"ಅಜ್ಜೀ, ಕಾರ್ಡಲ್ಲಿ ಬರೆದಿದೆ—"

"ಬರ್ದಿರೋದು ನಂಗೆ ಕಾಣಾಕಿಲ್ಲ. ನಂಗೆ ಕಂಡಿದ್ದು ಹೇಳ್ತೀನಿ. ಇವ್ಳು ಜಗುಲಿ ಮೇಲೆ ಕುಂತಿದ್ದಾಗ ನಮ್ಮೆತ್ತಿನ ಕೊಂಬು ಕೆಂಪಗಿತ್ತು. ಅಧಿಕದಾಗೆ ಯಾವನಾದ್ರೂ ಕೊಂಬಿಗೆ ಬಣ್ಣ ಬಳಿತಾನಾ? ಯುಗಾದಿ ದಾಟಿಸ್ತೈತೆ ಕೂಸು. ಈಗ ಕೊಯ್ದ್ರೆ ಎಂಟು ತಿಂಗಳ ಕೂಸು. ನನ್ ಮಗಳದು ಎಂಟರಾಗೆ ಹುಟ್ಟಿ ಮೂರು ದಿನ ಇತ್ತು ಅಷ್ಟೆ."

ಡಾಕ್ಟರಮ್ಮ ಗೋಡೆ ನೋಡಿದರು. ಅಲ್ಲಿದ್ದದ್ದು ಹೊಸ ವರ್ಷದ ಕ್ಯಾಲೆಂಡರ್. "ಹಳೇದು ಎಲ್ಲಿ?" ಎಂದರು. ಎಸೆದಾಗಿತ್ತು. ಆಗ ನನ್ನಮ್ಮ, "ನಮ್ಮನೆ ಗೂಡಲ್ಲಿ ಐತೆ!" ಎಂದು ಓಡಿದಳು. ಮನೆ ಎರಡು ಬೀದಿ ಆಚೆ. ಚಟ್ನಿಪುಡಿ ಡಬ್ಬದ ಕೆಳಗಿನಿಂದ ಜೂನ್ ತಿಂಗಳ ಹಾಳೆ ಕಿತ್ತು ತಂದಳು. ಎಣ್ಣೆಯ ಉಂಗುರ ಬಿದ್ದಿತ್ತು, ಒಂದು ಮೂಲೆ ಗೂಡಿನಲ್ಲೇ ಉಳಿದಿತ್ತು. ಡಾಕ್ಟರಮ್ಮ ಅದನ್ನು ಕಿಟಕಿಗೆ ಹಿಡಿದು ನೋಡಿದರು. ತಿಂಗಳ ಮೊದಲ ವಾರದಲ್ಲೊಂದು ಬಹುಳ ತದಿಗೆ, ಅದಕ್ಕೆ ಅಧಿಕ ಎಂದು ಸಣ್ಣಕ್ಷರ. ಕಾರ ಹುಣ್ಣಿಮೆ ಇದ್ದದ್ದು ತಿಂಗಳ ಕೊನೆಗೆ.

ಅವರು ನರ್ಸಮ್ಮನನ್ನು ಕರೆದರು. "ಕಾರ ಹುಣ್ಣಿಮೆ ಆದಮೇಲೆ ಅಂತಿದ್ದಾರಲ್ಲಾ, ಹೇಗೆ ಬರೆದ್ರಿ ಇದನ್ನ? ನಾಳೆ ನಾನು ಕತ್ತರಿ ಹಾಕ್ತಿದ್ದೆ!"

"ಇವರು ಹಾಗೆ ಹೇಳಲಿಲ್ಲ ಡಾಕ್ಟ್ರೇ. ಜ್ಯೇಷ್ಠ ಬಹುಳ ತದಿಗೆ ಅಂತ ಮಾತ್ರ ಹೇಳಿದ್ದು" ಎಂದರು ನರ್ಸಮ್ಮ.

ಡಾಕ್ಟರಮ್ಮ ನನ್ನ ಕಡೆ ತಿರುಗಿದರು. "ನೀವು ಕಾರ ಹುಣ್ಣಿಮೆ ಅಂತ ಹೇಳಿದ್ರಾ?"

ನಾನು ಹೂಂ ಎಂದು ತಲೆಯಾಡಿಸಿದೆ.

ಆ ನರ್ಸಮ್ಮ ಎಲ್ಲರೆದುರಿಗೆ ಬೈಸಿಕೊಂಡರು. ಕಾರ್ಡನ್ನೇ ನೋಡುತ್ತಾ ನಿಂತರು. ಅತ್ತೆ ನನ್ನ ಮುಖವನ್ನು ಒಂದು ಸಲ ನೋಡಿದರು. ಅಷ್ಟೆ. ದಿನ ಬಿಟ್ಟು ದಿನ ಬಂದು ತೋರಿಸಿ, ಕಾಯೋಣ ಎಂದು ಡಾಕ್ಟರಮ್ಮ ಮನೆಗೆ ಕಳಿಸಿದರು. ನಾವು ಹೊರಟೆವು. "ನೀವು ನಡೀರಿ, ನಾನು ಹಿಂದೆ ಬತ್ತೀನಿ" ಎಂದು ಅತ್ತೆ ಚೀಲ ಇಟ್ಟುಕೊಂಡು ಅಲ್ಲೇ ಉಳಿದರು.

ಅರ್ಧ ಗಂಟೆ ಬಿಟ್ಟು ಮನೆಗೆ ಬಂದು ಚೀಲ ಕೊಟ್ಟರು. ಒಳಗೆ ನಾಲ್ಕು ಕೊಬ್ಬರಿ. ನಾಲ್ಕೇ. ಅರಸೀಕೆರೆ ಸೀಮೆಯವರು, ಅಟ್ಟದ ತುಂಬ ಕೊಬ್ಬರಿ ಇರುವವರು, ಬಸುರಿ ಸೊಸೆಯ ತವರಿಗೆ ನಾಲ್ಕು ಉಂಡೆ ಕೊಬ್ಬರಿ! ಅಮ್ಮ ನನ್ನ ಕಿವಿಯಲ್ಲಿ, "ಆಗ ಅಷ್ಟು ಭಾರ ಇತ್ತಲ್ಲೇ?" ಎಂದಳು. ಮಿಕ್ಕದ್ದನ್ನು ಎಲ್ಲೋ ಬಚ್ಚಿಟ್ಟಿದ್ದಾರೆ, ವಾಪಸು ಹೋಗುವಾಗ ಹಳೇಬೀಡಿನಲ್ಲಿ ಇಳಿದು ಅಲ್ಲಿರುವ ಮಗಳಿಗೆ ಕೊಡುತ್ತಾರೆ ಎಂದು ನಾವಿಬ್ಬರೂ ತೀರ್ಮಾನ ಮಾಡಿದೆವು.

ಯುಗಾದಿಯ ಮಾರನೆಯ ಬೆಳಿಗ್ಗೆ ಹೆಣ್ಣು ಮಗು ಹುಟ್ಟಿತು, ಯಾವ ಕತ್ತರಿಯೂ ಇಲ್ಲದೆ. ಗುಂಡಗಿತ್ತು.

ಆ ನಾಲ್ಕು ಕೊಬ್ಬರಿಯನ್ನು ನಾನು ಬಿಡಲಿಲ್ಲ. ಒಲೆಯ ಮುಂದೆ ಜಗಳವಾದಾಗಲೆಲ್ಲ, "ನಾಲ್ಕು ಕೊಬ್ಬರಿ ತಂದ ಕೈ ಅಲ್ವಾ ಇದು" ಎನ್ನುತ್ತಿದ್ದೆ. ಅತ್ತೆಗೆ ಬಾಯಿ ಕಡಿಮೆ ಇರಲಿಲ್ಲ, ಆದರೂ ಈ ಒಂದು ಮಾತಿಗೆ ಉತ್ತರ ಕೊಡುತ್ತಿರಲಿಲ್ಲ. ಅಧಿಕ ಮಾಸ ಬಂದಾಗ ಮಾತ್ರ ನಾಲ್ಕು ಜನರೆದುರು, "ಇವ್ಳನ್ನ ತಿಥಿ ಕೇಳಬ್ಯಾಡ್ರಪ್ಪಾ, ಇವ್ಳು ಓದಿದೋಳು" ಎಂದು ನಗುತ್ತಿದ್ದರು. ಅವರಿಗೆ ಗೊತ್ತಿದೆ ಎಂದು ನನಗೆ ಗೊತ್ತಿತ್ತು. ಇಬ್ಬರೂ ಬಾಯಿ ಬಿಡಲಿಲ್ಲ. ಅವರು ಹೋದರು.

ಮೊನ್ನೆ ಗೂಡಿಗೆ ಹೊಸ ಹಾಳೆ ಹಾಸುತ್ತಿದ್ದಾಗ ಫೋನು ಬಂತು. ಅದೇ ಯುಗಾದಿಯ ಮಗು, ಈಗ ಬೇಲೂರಿನಲ್ಲಿ ಟೀಚರು.

"ಅಮ್ಮಾ, ಕಾರ ಹುಣ್ಣಿಮೆ ಯಾವತ್ತು? ಫೋನಲ್ಲಿ ಜ್ಯೇಷ್ಠ ಹುಣ್ಣಿಮೆ ಎರಡು ತೋರಿಸ್ತಿದೆ."

"ಎರಡನೇದು ಕಣೇ. ಮೊದಲನೇದು ಅಧಿಕ." ಅಲ್ಲಿಗೆ ನಿಲ್ಲಿಸಬಹುದಿತ್ತು. ಎಣ್ಣೆ ಹಾಳೆ ಇನ್ನೂ ಕೈಯಲ್ಲೇ ಇತ್ತು. "ನೀನು ಹುಟ್ಟೋ ಮುಂಚೆ ಇದ್ರಲ್ಲೇ ನಾನೊಂದು ತಪ್ಪು ಮಾಡಿದ್ದೆ" ಎಂದು ಶುರು ಮಾಡಿ, ಆ ಹೂಂ ಎಂದದ್ದು, ನರ್ಸಮ್ಮನ ತಲೆಗೆ ಕಟ್ಟಿದ್ದು, ಎಲ್ಲ ಹೇಳಿಬಿಟ್ಟೆ.

ಅವಳು ನಕ್ಕಳು. "ಗೊತ್ತು ಕಣಮ್ಮ. ಅಜ್ಜಿ ಹೇಳಿದ್ರು, ನಾನು ಪಿಯುಸಿ ಓದ್ತಿದ್ದಾಗ. ಅವ್ಳಾಗೇ ಬಾಯಿ ಬಿಡೋಗಂಟ ನೀನು ಸುಮ್ಕಿರು ಅಂದಿದ್ರು. ನರ್ಸಿಗೆ ಕೊಬ್ಬರಿ ಕೊಟ್ಟಿದ್ದೂ ಹೇಳಿದ್ರು."

"ಯಾವ ಕೊಬ್ಬರಿ?"

"ನೀವೆಲ್ಲ ಮನೆಗೆ ಹೋದಮೇಲೆ ಅಜ್ಜಿ ಆ ನರ್ಸನ್ನ ಹುಡುಕ್ಕೊಂಡು ಹೋದ್ರಂತೆ. ತಪ್ಪು ನಮ್ಮನೇದವ್ವ, ನಿಂದಲ್ಲ, ಮಾಡ್ದೋಳು ಚಿಕ್ಕೋಳು, ಮನಸಿನಾಗಿಟ್ಕಬ್ಯಾಡ ಅಂತ ಹೇಳಿ ಚೀಲ ಸುರಿದ್ರಂತೆ. ಬೀಗರ ಮನೆಗೆ ಬರಿಗೈಲಿ ಹೋಗೋದು ಹೆಂಗೆ ಅಂತ ನಾಲ್ಕು ಉಳಿಸ್ಕೊಂಡ್ರಂತೆ. ನಿಂಗೆ ಇದು ಗೊತ್ತಿರಲಿಲ್ವಾ?"

ಎಣ್ಣೆ ಹಾಳೆಯನ್ನು ಗೂಡಿನ ಮೇಲಿಟ್ಟೆ. "ಅಮ್ಮಾ, ಇದ್ದೀಯಾ?" ಎಂದಳು. ಒಲೆಯ ಮೇಲೆ ಹಾಲು ಉಕ್ಕುತ್ತಿದೆ ಎಂದು ಹೇಳಿ ಫೋನಿಟ್ಟೆ. ಒಲೆಯ ಮೇಲೆ ಏನೂ ಇರಲಿಲ್ಲ. ಸುಳ್ಳಿನ ಅಭ್ಯಾಸ ಇನ್ನೂ ಹೋಗಿಲ್ಲ ನೋಡಿ.

ಡಬ್ಬಗಳು ನೆಲದ ಮೇಲೇ ಇದ್ದವು. ಸೊಸೆ ಒಳಗೆ ಬಂದಳು, ಬಿದ್ದಿದ್ದ ಚಾಕು ನೋಡಿದಳು, ನನ್ನ ಕೈ ನೋಡಿದಳು.

"ಕಿರುಬೆರಳಿಗೆ ಏನಾಯ್ತು ಅತ್ತೆ? ಅಷ್ಟು ಬಿಗಿಯಾಗಿ ಹಿಡ್ಕೊಂಡಿದ್ದೀರಲ್ಲ. ಚಾಕು ತಾಗಿತಾ?"

"ಇಲ್ಲ" ಎಂದೆ. "ತದಿಗೆ."