ಚೊಂಬು ಮುರಿದ ಉಯ್ಯಾಲೆ

ಮುಂದಕ್ಕೆ ಹೋದರೆ ಕೀಂಯ್, ಹಿಂದಕ್ಕೆ ಬಂದರೆ ಕುಂಯ್. ಎಣ್ಣೆ ಕಾಣದ ಆ ಉಯ್ಯಾಲೆ ಸರಪಳಿಯ ಸದ್ದು ಜಯನಗರದ ನಮ್ಮ ಅಡುಗೆಮನೆಯವರೆಗೂ ಕೇಳುತ್ತಿತ್ತು. ಕಾನ್ವೆಂಟಿನಿಂದ ಬಂದವಳೇ ಶೂಸ್ ಎಸೆದು ಓಡುತ್ತಿದ್ದೆ. ಐವತ್ತರ ದಶಕದ ಕೊನೆಯ ಮಾತು. ಮನೆಗಳಿಗಿಂತ ಖಾಲಿ ಸೈಟುಗಳೇ ಹೆಚ್ಚು. ಆದರೂ ಕಾರ್ಪೊರೇಷನ್ನಿನವರು ನಮಗೊಂದು ಪಾರ್ಕು ಮಾಡಿ, ಉಯ್ಯಾಲೆ ಹಾಕಿಸಿ, ಕಾಯಲು ಒಬ್ಬ ವಯಸ್ಸಾದ ಮಾಲಿಯನ್ನೂ ಕೊಟ್ಟಿದ್ದರು.

ಮಾಲಿಯ ಕೊರಳಲ್ಲೊಂದು ವಿಶಲ್. ಒಬ್ಬೊಬ್ಬರಿಗೆ ಇಪ್ಪತ್ತು ಜೀಕು. ಇಪ್ಪತ್ತಾಯಿತೋ, ಪೀ ಎಂದು ಊದುತ್ತಿದ್ದರು. ಯಾರ ಮನೆಯ ಮಗುವಾದರೂ ಇಳಿಯಲೇಬೇಕು.

ಒಂದು ಸಂಜೆ ನಮ್ಮ ಬೀದಿ ಗುಡಿಸುವ ಹೆಂಗಸಿನ ಮಗಳೂ ಬಂದು ಕ್ಯೂನಲ್ಲಿ ನಿಂತಳು. ನನ್ನದೇ ವಯಸ್ಸು, ಒಂಬತ್ತೋ ಹತ್ತೋ. ಮಾಲಿ ಅವಳಿಗೂ ಇಪ್ಪತ್ತು ಎಣಿಸಿದರು. ನಾವೆಲ್ಲ ಕೂತು ಆಡಿದರೆ ಅವಳು ಹಲಗೆಯ ಮೇಲೆ ನಿಂತೇ ಜೀಕುತ್ತಿದ್ದಳು. ತಲೆ ಬೇವಿನ ಕೊಂಬೆಗೆ ತಾಗುವಷ್ಟು ಎತ್ತರ. ನನಗೆ ಶುದ್ಧ ಜೆಲಸಿ.

ಸುದ್ದಿ ಅಜ್ಜಿಗೆ ಮುಟ್ಟಿತು. ಅವರದು ಬಲು ಮಡಿ.

"ಅವಳು ತುಳಿದ ಹಲಗೆ ಮೇಲೆ ಹಾಗೇ ಕೂರ್ಬೇಡ ಕಣೇ. ಒಂದು ಚೊಂಬು ನೀರು ಹುಯ್ದು ಆಮೇಲೆ ಕೂತ್ಕೋ" ಎಂದು ಹಿತ್ತಾಳೆ ಚೊಂಬು ಕೈಗಿಟ್ಟರು.

ಹುಯ್ದೆ. ಮಾರನೇ ದಿನ ಎದುರು ಮನೆಯ ಹುಡುಗಿಯ ಕೈಯಲ್ಲೂ ಚೊಂಬು. ವಾರ ಕಳೆಯುವುದರೊಳಗೆ ನಾವೆಲ್ಲ ಪೂಜೆಗೆ ಹೊರಟವರ ಹಾಗೆ ಚೊಂಬು ಹಿಡಿದೇ ಪಾರ್ಕಿಗೆ ಹೋಗುತ್ತಿದ್ದೆವು. ಒದ್ದೆ ಹಲಗೆಯ ಮೇಲೆ ಕೂತು ಎಲ್ಲರ ಫ್ರಾಕೂ ಹಿಂದೆ ಒದ್ದೆ. ನಿಂತು ಜೀಕುವ ಅವಳ ಲಂಗ ಮಾತ್ರ ಒಣಗಿಯೇ ಇರುತ್ತಿತ್ತು.

"ಏನ್ರೇ, ಎಲ್ಲಾರೂ ಉಚ್ಚೆ ಹುಯ್ಕೊಂಡಿದ್ದೀರಾ?" ಎಂದು ಅವಳು ಕೇಳಿದಾಗ ಮಾಲಿ ಮೀಸೆಯೊಳಗೇ ನಕ್ಕರು.

ಆ ಬೇಸಿಗೆಯಲ್ಲೇ ಹಲಗೆ ಉಬ್ಬಿ, ಸೀಳಿ, ಎದುರು ಮನೆಯ ಹುಡುಗಿ ಕೂತಿದ್ದಾಗ ಮುರಿದೇಹೋಯಿತು. ಕೆಳಗೆ ನಾವೇ ಮಾಡಿದ ಕೆಸರಿತ್ತು, ಏಟಾಗಲಿಲ್ಲ. ದೊಡ್ಡವರು ಮಾತ್ರ ಸೇರಿ ಕಾರ್ಪೊರೇಷನ್ನಿಗೆ ಅರ್ಜಿ ಬರೆದರು. ಗುಡಿಸುವವಳ ಮಗಳು ಕುಣಿದು ಹಲಗೆ ಮುರಿದಿದ್ದಾಳೆ, ಇನ್ನು ಅವಳನ್ನು ಪಾರ್ಕಿನೊಳಗೆ ಬಿಡಬಾರದು, ಬಿಟ್ಟ ಮಾಲಿಯನ್ನೂ ತೆಗೆಯಬೇಕು ಎಂದು.

ವಿಚಾರಿಸಲು ಒಬ್ಬ ಆಫೀಸರು ಸೈಕಲ್ಲಿನಲ್ಲಿ ಬಂದರು. ಮುರಿದ ಹಲಗೆಗೆ ಹೆಬ್ಬೆರಳು ಒತ್ತಿದರು. ಕಾಫಿಯಲ್ಲಿ ಅದ್ದಿದ ರಸ್ಕಿಗೆ ಒತ್ತಿದ ಹಾಗೆ ಬೆರಳು ಒಳಗೆ ಹೋಯಿತು.

"ಮಳೆ ಬಿದ್ದು ತಿಂಗಳಾಯ್ತು. ಇದು ಹೇಗೆ ಕೊಳೀತು?"

ದೊಡ್ಡವರೆಲ್ಲ ಆಕಾಶ ನೋಡಿದರು. ಹುಡುಗಿ ಮಾಲಿಯ ಹಿಂದೆ ಅವರ ಶರ್ಟು ಹಿಡಿದು ನಿಂತಿದ್ದಳು. ಉಯ್ಯಾಲೆಯೇ ಇಲ್ಲದಿದ್ದರೂ ಅಭ್ಯಾಸಬಲದಿಂದ ನನ್ನ ಕೈಯಲ್ಲಿ ಚೊಂಬಿತ್ತು. ಹೆದರಿ ಬೇಲಿಯೊಳಕ್ಕೆ ಎಸೆದೆ. ಠಣ್ ಎಂದಿತು.

"ಏನಮ್ಮಾ ಅದು?"

ಕಾನ್ವೆಂಟಿನ ಸಿಸ್ಟರುಗಳು ಸುಳ್ಳು ಹೇಳುವುದನ್ನು ಕಲಿಸಿರಲಿಲ್ಲ. "ವಾಟರ್, ಸರ್. ವಿ ವಾಶ್ ದ ಸ್ವಿಂಗ್ ಆಫ್ಟರ್ ಹರ್" ಎಂದೆ. ಅಜ್ಜಿಗೆ ಇಂಗ್ಲಿಷ್ ಬರುತ್ತಿರಲಿಲ್ಲ. ಪಕ್ಕದ ಮನೆಯವರಿಗೆ ಬರುತ್ತಿತ್ತು, ಅದೇ ತೊಂದರೆ.

ಆಫೀಸರು ಭಾಷಣ ಮಾಡಲಿಲ್ಲ. "ಹಲಗೆ ಮುರಿದಿದ್ದು ಆ ಮಗು ಅಲ್ಲ ಸ್ವಾಮಿ, ನಿಮ್ಮ ಚೊಂಬು. ಹೊಸದು ಹಾಕಿಸ್ತೀನಿ. ಇನ್ನೊಂದ್ಸಲ ಒದ್ದೆ ಕಂಡ್ರೆ ಬಿಚ್ಚಿಸಿ ಬೇರೆ ಬ್ಲಾಕಿಗೆ ಕಳಿಸ್ತೀನಿ. ಅಲ್ಲೂ ಮಕ್ಕಳಿದ್ದಾರೆ." ಹೊರಡುವಾಗ ಹುಡುಗಿಗೆ, "ಕೂತು ಆಡಮ್ಮ, ಬಿದ್ದೀಯ" ಎಂದರು.

ಹೊಸ ಹಲಗೆಯ ಜೊತೆ ಬೋರ್ಡೂ ಬಂತು: ಉಯ್ಯಾಲೆ ಎಲ್ಲ ಮಕ್ಕಳದು. ನೀರು ಹಾಕಬಾರದು. ಹೊಸಬರು ಓದಿ ತಲೆ ಕೆರೆದುಕೊಳ್ಳುತ್ತಿದ್ದರು. ಈಗ ಹ್ಯೂಮನ್ ರೈಟ್ಸ್ ಎಂದು ದೊಡ್ಡ ದೊಡ್ಡ ಸೆಮಿನಾರುಗಳಾಗುತ್ತವೆ. ನಾನು ಕಲಿತದ್ದು ಆ ಎರಡು ಸಾಲಿನಲ್ಲಿ.

ಉಯ್ಯಾಲೆ ಬೇರೆ ಬ್ಲಾಕಿನ ಪಾಲಾಗುವುದನ್ನು ನಮ್ಮವರು ಹೇಗೆ ಸಹಿಸಿಯಾರು? ಅಜ್ಜಿಯೇ ಹೊಸ ಶಾಸ್ತ್ರ ಹುಡುಕಿದರು. "ಕಬ್ಬಿಣದ ಸರಪಳಿ ಹಿಡ್ಕೊಂಡಿದ್ರೆ ಮೈಲಿಗೆ ತಾಗಲ್ಲ ಬಿಡು."

ಎರಡು ವರ್ಷದ ಮೇಲೆ ಅವಳ ಮನೆಯವರು ತಿಲಕ್ ನಗರದ ಕಡೆ ಹೊರಟರು. ಆ ದಿನ ಅವಳು ನನ್ನನ್ನು ಹುಡುಕಿಕೊಂಡು ಪಾರ್ಕಿಗೆ ಬಂದಳು. ಕೈಯಲ್ಲಿ ನಾನು ಎಸೆದಿದ್ದ ಚೊಂಬು. ಅಷ್ಟು ದಿನ ಅವಳೇ ಇಟ್ಟುಕೊಂಡಿದ್ದಳಂತೆ. ನಲ್ಲಿಯಲ್ಲಿ ನೀರು ತುಂಬಿ, ಕಚ್ಚಿ ಕುಡಿದು, ನನ್ನತ್ತ ಚಾಚಿದಳು. ನಮ್ಮ ಮನೆಯಲ್ಲಿ ಅಮ್ಮನ ಎಂಜಲನ್ನೂ ಮುಟ್ಟುತ್ತಿರಲಿಲ್ಲ. ಕೈ ಚಾಚಿ ತೆಗೆದುಕೊಂಡೆ. ಆಮೇಲೆ ನಾನೂ ಕಚ್ಚಿಯೇ ಕುಡಿದೆ.

"ನಿಮ್ಮಜ್ಜಿ ಇದನ್ನ ಹುಣಿಸೆಹಣ್ಣು ಹಾಕಿ ಉಜ್ಜಬೇಕು ನೋಡೀಗ" ಎಂದಳು.

"ನನ್ನನ್ನೂ" ಎಂದೆ.

ಗೇಟಿನ ಹೊರಗೆ ಒಂಟೆತ್ತಿನ ಗಾಡಿ ನಿಂತಿತ್ತು. ಹಾಸಿಗೆ ಗಂಟಿನ ಮೇಲೆ ಹತ್ತಿ ಕೂತಳು. ಗಾಡಿ ಹೊರಟಿತು. ಮಾಲಿ ಪೀ ಎಂದು ಊದಿದರು.

"ಇಪ್ಪತ್ತಾಗಿಲ್ಲ ತಾತಾ" ಎಂದು ಕೂಗಿದಳು. ತಿರುವಿನವರೆಗೂ ಅವಳ ಎರಡು ಕಾಲು ಗಾಡಿಯ ಹಿಂದೆ ಜೀಕುತ್ತಲೇ ಇದ್ದವು. ಮತ್ತೆ ಅವಳನ್ನು ನಾನು ನೋಡಲಿಲ್ಲ.