ವೆಲ್ಡಿಂಗ್ ಮಶೀನು ಮತ್ತು ಅತ್ತೆಯ ಲಿಂಬೆಹಣ್ಣು

ಮೊನ್ನೆ ಅಂಗಡಿಯಲ್ಲಿ ಲಿಂಬೆಹಣ್ಣು ಕೊಯ್ದೆ. ಪಕ್ಕದಲ್ಲೇ ವಾರ್ನಿಶ್ ಒಣಗುತ್ತಿತ್ತು. ಎರಡೂ ವಾಸನೆ ಒಟ್ಟಿಗೆ ಮೂಗಿಗೆ ಬಡಿದದ್ದೇ ತಡ, ನಮ್ಮ ಅತ್ತೆ ಎದುರಿಗೇ ಬಂದು ಕುಳಿತಂತಾಯಿತು...

ಇಂಡಿ ಪಟ್ಟಣದಲ್ಲಿ ನಮ್ಮದು ವೈಂಡಿಂಗ್ ಅಂಗಡಿ. ಸುಟ್ಟ ಮೋಟಾರು, ಸ್ಟೆಬಿಲೈಜರ್, ವೆಲ್ಡಿಂಗ್ ಮಶೀನಿನ ಟ್ರಾನ್ಸ್‌ಫಾರ್ಮರ್ ಬಿಚ್ಚಿ ಹೊಸ ತಂತಿ ಸುತ್ತುವುದು ಕೆಲಸ. ಮಾವ ತೀರಿಕೊಂಡ ಮೇಲೆ ಅತ್ತೆಯೇ ಅಂಗಡಿ ಹಿಡಿದರು. ಮಗನಿಗೆ ಈ ಕೆಲಸ ಒಗ್ಗಲಿಲ್ಲ, ಸೊಸೆಯಾದ ನನ್ನನ್ನು ಕೂರಿಸಿಕೊಂಡರು. "ರೊಟ್ಟಿ ಹರದ್ರ ತಿನ್ನಾಕ ಬರ್ತೈತಿ, ತಂತಿ ಹರದ್ರ ಏನ್ ಮಾಡ್ತಿ?" ಎನ್ನುತ್ತಿದ್ದರು. ಬಾಯಿ ಜೋರು. ಮನಸ್ಸು... ಅದೂ ಜೋರೇ.

ಅಂಗಡಿಗೊಂದು ಪದ್ಧತಿಯಿತ್ತು. ರಿಪೇರಿಯಾದ ಮಶೀನಿಗೆ ಕರೆಂಟು ಕೊಡುವ ಮೊದಲು ಲಿಂಬೆಹಣ್ಣು ನಿವಾಳಿಸಿ, ಅದರ ಮೇಲೆಯೇ ಕೊಯ್ದು ಹಿಂಡುವುದು. ನಮ್ಮದು ಲಿಂಬೆಯ ಸೀಮೆ, ಹಣ್ಣಿಗೇನು ಬರ? ತಂತಿಯ ತುದಿ ಹೆರೆಯುವ ಚಾಕುವೇ ಹಣ್ಣಿಗೂ ಆಗುತ್ತಿತ್ತು.

ಒಮ್ಮೆ ಅಗರಖೇಡದ ವೆಲ್ಡರ್ ಒಬ್ಬರು ಸುಟ್ಟ ಮಶೀನು ತಂದರು. ಅದನ್ನು ಬೈಕಿಗೆ ಕಟ್ಟಿಕೊಂಡು ತೋಟದಿಂದ ತೋಟಕ್ಕೆ ತಿರುಗುವವರು. ಎತ್ತಿ ಇಳಿಸಿ ಅವರ ನಡ ಹಿಡಿದುಬಿಟ್ಟಿತ್ತು. ತಾಮ್ರ ಭಾರ, ದರವೂ ಮುಗಿಲು ಮುಟ್ಟಿತ್ತು. ಅತ್ತೆ ಯೋಚಿಸಿ, ಮೇಲೆ ತಾಮ್ರದ ಹೊದಿಕೆ, ಒಳಗೆ ಅಲ್ಯೂಮಿನಿಯಂ ಇರುವ ತಂತಿ ಆರಿಸಿದರು. ತುದಿ ಕತ್ತರಿಸಿ ಒಳಗಿನ ಬಿಳುಪನ್ನು ಅವರಿಗೇ ತೋರಿಸಿದರು.

"ಇದು ಪೂರಾ ತಾಮ್ರ ಅಲ್ರಿ, ತಾಮ್ರದಷ್ಟು ಕರೆಂಟ್ ತಡ್ಯಾಂಗಿಲ್ಲ. ಅದಕ್ಕ ದಪ್ಪಂದು ಹಾಕ್ತೇನಿ, ಸುರುಳಿ ಸುತ್ತು ಕೋರಿನ್ಯಾಗ ಜಾಗಾ ಐತಿ. ಕೆಟ್ರ ನನ್ನ ಕೇಳ್ರಿ."

"ನಿಮ್ಮ ಮಾತಿನ ಮ್ಯಾಲ ಬಿಟ್ಟೇನ್ರಿ ಅಕ್ಕಾರ," ಎಂದರು ಅವರು.

ಮಳೆಗಾಲ ಕಳೆಯುವಷ್ಟರಲ್ಲಿ ಮಶೀನು ಮರಳಿ ಬಂತು. ವೆಲ್ಡರ್ ಹಿಡಿದಿದ್ದ ಗೇಟಿನ ಕೆಲಸ ಅರ್ಧಕ್ಕೆ ನಿಂತು ಬೇರೆಯವರ ಪಾಲಾಗಿತ್ತು. ಅವರು ಮಶೀನನ್ನು ಹೊಸ್ತಿಲಲ್ಲೇ ಇಳಿಸಿ ಹೊರಟುಬಿಟ್ಟರು. ಪಕ್ಕದ ವೈಂಡಿಂಗ್ ಅಂಗಡಿಯವನಿಗಂತೂ ಹಬ್ಬ. ಡುಪ್ಲಿಕೇಟ್ ತಂತಿ ಎಂದು ಇಡೀ ಓಣಿಗೆ ಸಾರಿದ. ಆ ತಂತಿಯ ಸಹವಾಸವೇ ಬೇಡ ಎಂದು ನಾನೂ ಅಂದೆ. ಅತ್ತೆ ನನ್ನನ್ನು ಸುಟ್ಟುಬಿಡುವಂತೆ ನೋಡಿದರು.

"ತಂತೀದ ತಪ್ಪೋ, ನಂದೋ, ನೋಡ್ಲಾರದ ಹೆಂಗ ಬಿಡ್ಲಿ? ಮಾತು ಕೊಟ್ಟಾಕಿ ನಾ."

ಬಿಚ್ಚಿದರು. ಸುರುಳಿ ಹೊಸದರಂತೆಯೇ ಇತ್ತು, ಎಲ್ಲೂ ಕರಕಲಾಗಿರಲಿಲ್ಲ. ಕೆಟ್ಟದ್ದು ಬೋಲ್ಟಿಗೆ ಸೇರುವ ತುದಿ ಮಾತ್ರ. ಅಲ್ಲಿ ಬಿಳಿ ಪುಡಿ ಕಟ್ಟಿತ್ತು. ಅತ್ತೆ ಅದನ್ನು ಬೆರಳಿಗೆ ಹಚ್ಚಿಕೊಂಡು, ಚಾಕುವನ್ನೊಮ್ಮೆ ಲಿಂಬೆಹಣ್ಣನ್ನೊಮ್ಮೆ ನೋಡಿದರು. ಚಾಕುವಿನಿಂದ ಹೆರೆದಾಗ ತೆಳು ತಾಮ್ರ ಎದ್ದುಹೋಗಿ ಒಳಗಿನ ಅಲ್ಯೂಮಿನಿಯಂ ಬಯಲಾಗಿತ್ತು. ಅದರ ಮೇಲೆ ಲಿಂಬೆರಸ, ಆಮೇಲೆ ಮಳೆಯ ತೇವ... ಇಷ್ಟು ವರ್ಷ ತಾಮ್ರ ಸಹಿಸಿಕೊಂಡದ್ದನ್ನು ಈ ತಂತಿ ಸಹಿಸಲಿಲ್ಲ.

ವೆಲ್ಡರ್ ಬಂದಾಗ ಅತ್ತೆ ಸುತ್ತಿ ಬಳಸಿ ಮಾತಾಡಲಿಲ್ಲ. "ತಂತಿ ಚಲೋ ಐತ್ರಿ. ನನ್ನ ಲಿಂಬಿಹಣ್ಣ ಅದರ ತುದಿ ತಿಂದ ಹಾಕೈತಿ. ತಪ್ಪು ನಂದು," ಎಂದು ಪಕ್ಕದ ಅಂಗಡಿಗೂ ಕೇಳುವಂತೆ ಗಟ್ಟಿಯಾಗಿ ಹೇಳಿದರು. ತುದಿ ಕತ್ತರಿಸಿ, ಸಾಣೆ ಕಾಗದದಿಂದ ಹಗುರಾಗಿ ಉಜ್ಜಿ, ಹೊಸದಾಗಿ ಬಿಗಿದು ವಾರ್ನಿಶ್ ಹಚ್ಚಿಕೊಟ್ಟರು. ಅಂದಿನಿಂದ ಹಣ್ಣು ಮಶೀನು ಬಿಟ್ಟು ಹೊಸ್ತಿಲಿಗೆ ಇಳಿಯಿತು. ದೇವರನ್ನೂ ಬಿಡಲಿಲ್ಲ ಅವರು, ತಂತಿಯನ್ನೂ ಬಿಡಲಿಲ್ಲ. ಹಣ್ಣು ಕೊಯ್ದ ಮೇಲೆ ನಾನು ತಂತಿ ಮುಟ್ಟಬೇಕೆಂದರೆ "ಕೈ ತೊಳದಿ? ತೋರ್ಸು" ಎಂದು ಗಿರಾಕಿಗಳ ಎದುರೇ ಸಣ್ಣ ಹುಡುಗಿಯಂತೆ ಪರೀಕ್ಷಿಸುತ್ತಿದ್ದರು. ಮೈಯೆಲ್ಲ ಉರಿಯುತ್ತಿತ್ತು ನನಗೆ.

ಮೊನ್ನೆ ಬಂದದ್ದು ಅದೇ ಮಶೀನು. ಸುರುಳಿಗೇನೂ ಆಗಿರಲಿಲ್ಲ, ಸ್ವಿಚ್ಚು ಹೋಗಿತ್ತು ಅಷ್ಟೆ. ವೆಲ್ಡರ್ ಸುಟ್ಟುಹೋದ ಇನ್ನೊಂದನ್ನೂ ಇಳಿಸಿ, "ಇದಕ್ಕೂ ಅಕ್ಕಾರ ಹಾಕಿದ್ದ ತಂತೀನ ಹಾಕ್ರಿ," ಎಂದರು. ಪಕ್ಕದವನು ಇಣುಕಿ ನೋಡಿದ. ನೋಡಲಿ. ಹಾಕುತ್ತೇನೆ, ದಪ್ಪದ್ದೇ ಹಾಕುತ್ತೇನೆ.

ಹಳೆಯದಕ್ಕೆ ಕರೆಂಟು ಕೊಡುವ ಮೊದಲು ಹೊಸ್ತಿಲಲ್ಲಿ ಹಣ್ಣು ಕೊಯ್ದೆ. ಇನ್ನು ಹೊಸ ತಂತಿ ಹಿಡಿಯಬೇಕು. ಸಾಬೂನು ಹಚ್ಚಿ ಕೈ ತೊಳೆದೆ. ತಿರುಗಿ, ಅವರು ಕೂರುತ್ತಿದ್ದ ಸ್ಟೂಲಿನ ಕಡೆಗೆ ಎರಡೂ ಕೈ ಚಾಚಿಬಿಟ್ಟೆ... ನೋಡುವವರು ಯಾರೂ ಇರಲಿಲ್ಲ.